ಬಾವು ಇಳಿಯುವ ಮೊದಲು

ಅಥವಾ ಗುಳಿಗೆ ಹಳದಿ ಇತ್ತೇ? ಖಚಿತವಿಲ್ಲ. ಮೂಗಿನ ಆಪರೇಶನ್ ಮಾಡಿಸಿಕೊಂಡ ಪಕ್ಕದ ಮನೆಯ ಹುಡುಗಿಗೆ ಬಾವು ಇಳಿಯಲೆಂದು ಡಾಕ್ಟರು ಕೊಟ್ಟ ಗುಳಿಗೆಗಳನ್ನು ಬೆಳಿಗ್ಗೆ ನೋಡಿದಾಗಿನಿಂದ, ನನ್ನ ಅಕ್ಕ ನುಂಗಿದ ಗುಳಿಗೆಗಳಿಗೆ ಬಣ್ಣ ಹಚ್ಚುತ್ತ ಕುಳಿತಿದ್ದೇನೆ. ನನ್ನ ನೆನಪಿನ ಚಾಳಿಯೇ ಇದು. ನೀವು ಅದನ್ನು ಪೂರ್ತಿ ನಂಬಬೇಡಿ.

ಅರವತ್ತರ ದಶಕದ ಆರಂಭವಿರಬೇಕು. ಅಕ್ಕನನ್ನು ಇಚಲಕರಂಜಿಗೆ ಕೊಟ್ಟಿತ್ತು. ಭಾವನ ಮನೆಯ ಮುಂಭಾಗದಲ್ಲೇ ವಿದ್ಯುತ್ ಮಗ್ಗಗಳು. ಓಡುವ ಮಗ್ಗದಿಂದ, ನೂಲು ಹೊತ್ತು ಅತ್ತಿತ್ತ ಜಿಗಿಯುವ ಲಾಳಿ ಹಾರಿ ಬಂದು ಅವಳ ಮೂಗಿನ ಎಲುಬು ಮುರಿಯಿತು ಎಂದರು. ಕೊಲ್ಲಾಪುರದಲ್ಲಿ ಆಪರೇಶನ್ ಮಾಡಿಸಿ, ಗಡಹಿಂಗ್ಲಜದ ನಮ್ಮ ಮನೆಗೆ ತಂದುಬಿಟ್ಟರು. ಮುಖ ಉಬ್ಬಿತ್ತು, ಕಣ್ಣುಗಳ ಕೆಳಗೆ ಬದನೆಕಾಯಿ ಬಣ್ಣ.

ಅವ್ವ, ಡಾಕ್ಟರು ಕೊಟ್ಟ ಬಾವಿನ ಗುಳಿಗೆಯ ಪೊಟ್ಟಣವನ್ನು ತನ್ನ ಎಲೆಯಡಿಕೆ ಸಂಚಿಗೆ ತುರುಕಿಕೊಂಡಳು.

"ಯವ್ವಾ, ಡಾಕ್ಟರ್ ಹೇಳ್ಯಾರ, ಕೊಡ," ಎಂದಳು ಅಕ್ಕ, ಹತ್ತಿ ತುಂಬಿದ ಮೂಗಿನಲ್ಲಿ.

"ಹಿರ್ಯಾರು ಬಂದು ಮೊದ್ಲ ಮಾರಿ ನೋಡ್ಲಿ. ಲಾಳಿಗೇನ ಕೈ ಇದ್ವು, ಎರಡೂ ಕಣ್ಣಿಗಿ ಹೊಡ್ಯಾಕ?"

"ಅದು ಆಪರೇಶನ್ ಬಾವು!"

"ಹೌದವಾ, ನಿನ್ನ ಗಂಡ ಡಾಕ್ಟರನ ಕೈಯಾಗೂ ಲಾಳಿ ಕೊಟ್ಟಿದ್ದ ಕಾಣತೈತಿ."

ನಮ್ಮಲ್ಲಿ ಮಗಳನ್ನು ಗಂಡನ ಮನೆಗೆ ತಿರುಗಿ ಕಳಿಸುವ ಮೊದಲು ಎರಡೂ ಕಡೆಯ ಹಿರಿಯರು ಪಡಸಾಲೆಯಲ್ಲಿ ಚಹಾ ಕುಡಿದು ತೀರ್ಮಾನಿಸುತ್ತಿದ್ದರು. ಅವರು ನಂಬುತ್ತಿದ್ದುದು ಕಣ್ಣಿಗೆ ಕಂಡದ್ದನ್ನು ಮಾತ್ರ. ಆದ್ದರಿಂದ ಅವ್ವನಿಗೆ ಆ ಗುಳಿಗೆ ಅಳಿಯನ ಪಕ್ಷದ ಸಾಕ್ಷಿಯಂತೆ ಕಂಡಿತು. ಕಾಲೇಜು ಮುಗಿಸಿದ ಜಾಣ ನಾನು ಯಾರನ್ನೂ ನಂಬಲಿಲ್ಲ: ಲಾಳಿಯನ್ನೂ, ಅವ್ವನನ್ನೂ, ಹೊಟ್ಟೆಗೆ ಹೋಗಿ ಕಣ್ಣಿನ ಕೆಳಗಿನ ದಾರಿ ಹುಡುಕುವ ಗುಳಿಗೆಯನ್ನೂ.

ನಮ್ಮ ಕಡೆಯ ಹಿರಿಯರಾದ ಕುರುಂದವಾಡದ ಕಾಕಾನಿಗೆ ತುಂಬಿದ ಹೊಳೆ ಅಡ್ಡ ಬಂದು ಕೆಲವು ದಿನ ತಡವಾಯಿತು. ಅವರು ಬರುವ ಹೊತ್ತಿಗೆ ಅಕ್ಕನ ಮುಖ ತಿಳಿಯಾಗಿತ್ತು.

"ಏನ್ ವೈನಿ, ಕಣ್ಣ ನೀಲಿ ಆಗ್ಯಾವ ಅಂದಿದ್ರಿ. ಎಲ್ಲೈತ್ರಿ ನೀಲಿ?" ಎಂದು ಕಾಕಾ ಅವ್ವನನ್ನು ಕೇಳಿದರು.

ಅವ್ವ ಸಂಚಿ ಕೊಡವಿದಳು. ಪೊಟ್ಟಣ ಬರಿದಾಗಿತ್ತು. "ಕದ್ದು ತಿಂದಾಳ್ರಿ!" ಎಂದಳು. ಹಿರಿಯರೆಲ್ಲ ನಕ್ಕರು. ಕಾಕಾ ಅಕ್ಕನ ಕಡೆ ತಿರುಗಿದರು. "ಖರೇ ಹೇಳ ಮಗಳ, ಹೊಡ್ದಾನೇನ?"

"ಲಾಳಿ ಬಡೀತ್ರಿ ಕಾಕಾ," ಎಂದಳು ಅಕ್ಕ, ನೆಲ ನೋಡುತ್ತ. ಮರುದಿನ ಅವಳನ್ನು ಇಚಲಕರಂಜಿಯ ಬಸ್ಸು ಹತ್ತಿಸಿದೆವು.

ಬಾವು ಗುಳಿಗೆಯಿಂದ ಇಳಿಯಿತೋ, ತಾನಾಗಿಯೇ ಇಳಿಯುತ್ತಿತ್ತೋ, ಅದೂ ತಿಳಿಯದು. ಬಹಳ ವರ್ಷ ಇದನ್ನು ಅವ್ವನ ಹುಚ್ಚಾಟವೆಂದು ಹೇಳಿ ಜನರನ್ನು ನಗಿಸಿದ್ದೇನೆ. ಈಗ ಬರೆಯುತ್ತಿರುವಾಗ ನನಗೇ ನಗು ಬರುತ್ತಿಲ್ಲ. ಅವ್ವ, ಅಕ್ಕ ಇಬ್ಬರೂ ಇಲ್ಲ. ಅಕ್ಕ ಆ ಗುಳಿಗೆಗಳನ್ನು ನುಂಗಿದ್ದು ಗುಣವಾಗಲೆಂದೋ, ಹಿರಿಯರಿಗೆ ಏನೂ ಕಾಣದಿರಲೆಂದೋ, ನನಗೆ ಗೊತ್ತಿಲ್ಲ.