ನೀರು ತರಲು ಹೋದ ಅಡುಗೆ ಭಟ್ಟ

ನಮ್ಮ ಮನೆಯ ಮಕ್ಕಳು ಸದ್ದಾದರೆ ಏಳುವುದಿಲ್ಲ, ಸದ್ದು ನಿಂತರೆ ಏಳುತ್ತಾರೆ. ನಡುಮನೆಯ ಗೋಡೆಯಾಚೆಗೆ ವಿದ್ಯುತ್ ಮಗ್ಗಗಳಿವೆ. ಅವು ಗಡಗಡಿಸುವಷ್ಟು ಹೊತ್ತು ತೊಟ್ಟಿಲಲ್ಲಿ ನಿಶ್ಚಿಂತೆಯಾಗಿ ಮಲಗಿರುವ ಅಕ್ಕನ ಮಗು, ಕರೆಂಟು ಹೋಗಿ ಮಗ್ಗ ನಿಂತ ಗಳಿಗೆಗೆ ಸರಿಯಾಗಿ ಬೆಚ್ಚಿ ಅಳುತ್ತದೆ. ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಹುಟ್ಟಿದವರಿಗೆ ಆ ಗಡಗಡವೇ ಮೌನ. ಬೆಂಗಳೂರಿನ ಹಾಸ್ಟೆಲಿಗೆ ಸೇರಿದ ಮೊದಲ ವಾರ ನಾನು ನಿದ್ದೆಗೆಟ್ಟು ಒದ್ದಾಡಿದಾಗ, ‘ಇಲ್ಲಿ ವಿಪರೀತ ನಿಶ್ಶಬ್ದ’ ಎಂದು ಕಾರಣ ಹೇಳಿ ಇಡೀ ಕೊಠಡಿಯನ್ನು ನಗಿಸಿದ್ದೆ. ಮಿತ್ರರೆ, ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮುಂದೆ ನಾನು ಒಂದು ಆಕಾಶನೌಕೆಯ ವಿಷಯ ಎತ್ತಲಿದ್ದೇನೆ, ಅದರ ನಡುವೆ ಒಂದು ರೈಲು ಬರುತ್ತದೆ.

ಬಿ.ಎಸ್ಸಿ. ಮುಗಿಸಿ ಊರಿಗೆ ಮರಳಿದ ನನಗೆ ಮಗ್ಗದ ಮನೆಯಲ್ಲಿ ಸಿಕ್ಕಿದ ಮೊದಲ ಕೆಲಸ ಓದುವುದು. ಮಗ್ಗಕ್ಕೆ ಉದ್ದುದ್ದ ಕಟ್ಟಿದ ಎಳೆಗಳ ಹಾಸು ಮುಗಿದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಯ ತುದಿಗೆ ಬೆರಳಿನಿಂದ ಹೊಸೆದು ಕೂಡಿಸಬೇಕು. ಆ ಹೊತ್ತಿನಲ್ಲಿ ಮಗ್ಗ ನಿಂತಿರುತ್ತದೆ. ಕಣ್ಣು ಕೈ ಎರಡಕ್ಕೂ ಬಿಡುವಿಲ್ಲ, ಕಿವಿ ಮಾತ್ರ ಖಾಲಿ. ಆ ಖಾಲಿ ಕಿವಿಗಳಿಗೆ ಹಿಂದೆ ಹಾಡು ಹೇಳುತ್ತಿದ್ದರಂತೆ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಮೇಲೆ ಒಂದು ವಾರಪತ್ರಿಕೆಯಲ್ಲಿ ಆಕಾಶನೌಕೆಯ ಧಾರಾವಾಹಿ ಶುರುವಾಗಿ, ಮುಗಿಯುವ ಲಕ್ಷಣವೇ ಕಾಣದೆ ವರ್ಷಗಟ್ಟಲೆ ಸಾಗಿತು. ಅದನ್ನು ಗಟ್ಟಿಯಾಗಿ ಓದುವುದು ನನ್ನ ಪಾಲಿಗೆ ಬಂತು.

ಇಂಥ ಕಥೆಗಳಲ್ಲಿ ನಾಯಕನಿಗೆ ಸಾವಿಲ್ಲ; ಅದು ಅವನಿಗೂ ಗೊತ್ತಿರುವಂತೆ ನಡೆದುಕೊಳ್ಳುತ್ತಾನೆ. ನನ್ನ ಕಳವಳವೆಲ್ಲ ಅವನ ಸುತ್ತಲಿನವರ ಬಗ್ಗೆ. ಅವರನ್ನು ಕಥೆಯಿಂದ ಹೊರಗೆ ಕಳಿಸುವ ರೀತಿಯಲ್ಲಿ ಲೇಖಕನ ಮನಸ್ಸು ಬಯಲಾಗುತ್ತದೆ. ನೌಕೆಯ ವೈದ್ಯ ನಾಯಕನಿಗೆ ಬರಬೇಕಿದ್ದ ಬೆಂಕಿಯ ಬಾಣಕ್ಕೆ ಎದೆಯೊಡ್ಡಿ ಸತ್ತ. ಎರಡು ವಾರ ಎಲ್ಲರೂ ಅವನನ್ನು ನೆನೆದರು, ಮೂರನೆಯ ವಾರ ಅವನ ಕುರ್ಚಿಯ ಮೇಲೆ ಬೇರೆ ಯಾರೋ ಕೂತಿದ್ದರು. ನಕ್ಷೆ ನೋಡುತ್ತಿದ್ದ ಹುಡುಗಿಯನ್ನು ಯಾವುದೋ ಗ್ರಹದ ರಾಜಕುಮಾರನಿಗೆ ಕೊಟ್ಟು ಮದುವೆ ಮಾಡಿ ಕೈತೊಳೆದುಕೊಂಡರು. ಚಿತ್ರ ಬರೆಯುವವರು ಬದಲಾದ ವಾರ ಯಂತ್ರ ನೋಡಿಕೊಳ್ಳುವವನ ಮೀಸೆಯೇ ಮಾಯವಾಯಿತು. ಹೆಸರು ಅದೇ, ಮುಖ ಮಾತ್ರ ಯಾರದೋ. ಇವೆಲ್ಲಕ್ಕಿಂತ ನಮ್ಮನ್ನು ಕಾಡಿದವನು ಅಡುಗೆ ಭಟ್ಟ. ಒಂದು ಕೆಂಪು ಗ್ರಹದಲ್ಲಿ ನೌಕೆ ಇಳಿದಾಗ ಅವನು ಕೊಡ ಹಿಡಿದು ನೀರು ತರಲು ಹೋದ. ಮುಂದಿನ ವಾರ ನೌಕೆ ಹಾರಿತು. ಭಟ್ಟ ಹತ್ತಿದನೋ ಇಲ್ಲವೋ ಒಂದು ಮಾತಿಲ್ಲ. ಲೇಖಕರು ಅವನನ್ನು ಮರೆತಿದ್ದರು, ಅಷ್ಟೆ.

ನಮ್ಮ ಮಗ್ಗದ ಮನೆ ಮರೆಯಲಿಲ್ಲ. ಎಲ್ಲರಿಗಿಂತ ಹಿರಿಯ ನೇಕಾರ ನಂಜಪ್ಪನವರು ಹೊಸೆಯುತ್ತಿದ್ದ ಎಳೆ ಬಿಟ್ಟು ತಲೆಯೆತ್ತಿದರು.

“ಲೇ, ಸರಿಯಾಗಿ ಓದೋ. ಎರಡು ಹಾಳೆ ಒಟ್ಟಿಗೆ ತಿರುವ್ಬಿಟ್ಟೆಯೇನೋ?”

“ಇಲ್ಲ ನಂಜಪ್ಪಣ್ಣ, ಇಷ್ಟೇ ಬರೆದಿರೋದು.”

“ಹಂಗಾದ್ರೆ ಅವ್ರಿಗೆ ಅನ್ನ ಬೇಯ್ಸಾಕೋರು ಯಾರು? ಕ್ಯಾಪ್ಟನ್ನಾ?”

ಅಂದಿನಿಂದ ಓದು ಮುಗಿದ ಮೇಲೆ ನಮ್ಮದೇ ಕಥೆ ಶುರುವಾಗುತ್ತಿತ್ತು. ಭಟ್ಟನನ್ನು ಹುಡುಕಲು ನಾನು ಬೇರೊಂದು ಮಾಸಪತ್ರಿಕೆಯಿಂದ ನಶ್ಯ ಏರಿಸುವ ಪತ್ತೇದಾರನನ್ನು ಕರೆತಂದು ನೌಕೆ ಹತ್ತಿಸಿದೆ. ನಂಜಪ್ಪನವರು ಊರ ನಾಟಕದಲ್ಲಿ ತಾವು ವೇಷ ಕಟ್ಟುತ್ತಿದ್ದ ರಾಕ್ಷಸನನ್ನು, ಗದೆ ಕಿರೀಟಗಳ ಸಮೇತ, ಅವನಿಗೆ ಜೊತೆಮಾಡಿ ಕಳಿಸಿದರು. ಒಂದು ಕಥೆಯವರು ಇನ್ನೊಂದು ಕಥೆಯ ಹೊಸ್ತಿಲು ದಾಟಬಾರದೆಂಬ ಕಾನೂನು ಬರೆಯುವವರಿಗಿರಬಹುದು, ಕೇಳುವವರಿಗಿಲ್ಲ. ಮನಸ್ಸಿನಲ್ಲಿ ಎಲ್ಲ ಪಾತ್ರಗಳೂ ಒಂದೇ ಬೀದಿಯಲ್ಲಿ ವಾಸವಾಗಿರುತ್ತವೆ. ಒಬ್ಬರ ಮನೆಯಲ್ಲಿ ಸಾರಿಗೆ ಹುಣಿಸೆಹಣ್ಣು ಮುಗಿದರೆ ಪಕ್ಕದ ಮನೆಗೆ ಹೋಗಿ ಕೇಳುವುದು ಸಹಜವೇ.

ಹೀಗೆ ಕಥೆ ಕೂಡಿಸುವಾಗ ಮೂಲೆಯಲ್ಲಿ ಕೂತು ನಗುತ್ತಿದ್ದವನು ಮುನಿರಾಜು. ನಮ್ಮ ತಾಲ್ಲೂಕಿನದೇ ಹಳ್ಳಿಯಾದ ಮಧುರೆಯ ಕಡೆಯ ಬೇಸಾಯಗಾರರ ಮನೆಯವನು, ಹೆಚ್ಚುಕಡಿಮೆ ನನ್ನ ವಯಸ್ಸಿನವನು. ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುವ ಕೆಲಸಕ್ಕೆ ಆಗಷ್ಟೇ ಸೇರಿದ್ದ. ಮಗ್ಗದ ಸದ್ದು ಅವನಿಗೆ ಒಗ್ಗಿರಲಿಲ್ಲ. ಕಿವಿಗೆ ಹತ್ತಿ ತುರುಕಿಕೊಂಡು ಕೂರುತ್ತಿದ್ದ. “ಏನಪ್ಪಾ ಮುನಿರಾಜ, ಕಿವಿಯಾಗೂ ಬೆಳೆ ತೆಗೀತಿದೀಯಾ?” ಎಂದು ನಂಜಪ್ಪನವರು ದಿನಕ್ಕೊಮ್ಮೆಯಾದರೂ ಛೇಡಿಸುತ್ತಿದ್ದರು.

ಒಂದು ಅಮಾವಾಸ್ಯೆ ಮಗ್ಗಕ್ಕೆ ರಜೆ. ಕೆಂಪು ಗ್ರಹ ಹೇಗಿರಬಹುದು ನೋಡೋಣವೆಂದು ನಾವು ಮೂವರೂ ಮಾಕಳಿದುರ್ಗದ ಕಡೆ ಹೊರಟೆವು. ಆ ಬೋಳು ಬಂಡೆಗಳಿಗಿಂತ ಅನ್ಯಗ್ರಹದಂತಿರುವ ಜಾಗ ನಮಗೆ ಗೊತ್ತಿರಲಿಲ್ಲ. ಹತ್ತಿರದ ದಾರಿಯೆಂದರೆ ರೈಲು ಹಳಿ. ಹಳಿಯ ಮೇಲೆ ನಡೆಯುತ್ತ ನಂಜಪ್ಪನವರೂ ನಾನೂ ವಾದಕ್ಕಿಳಿದೆವು. ಗದೆ ಹಿಡಿದ ರಾಕ್ಷಸ ನೌಕೆಯ ಬಾಗಿಲಲ್ಲಿ ತೂರುವುದು ಹೇಗೆ, ಕಿರೀಟ ಕಳಚಬೇಕೋ ಬೇಡವೋ ಎಂಬುದು ಅಂದಿನ ಪ್ರಶ್ನೆ. ಮುನಿರಾಜು ಹಿಂದೆ ಉಳಿದಿದ್ದ. ಗುಡ್ಡವನ್ನು ಸೀಳಿ ಹಳಿ ತಿರುಗುವ ಕಡೆ ಒಂದು ಗಡಗಡ ಎದ್ದಿತು. ಮೆಲ್ಲನೆ ಎದ್ದಿತು, ಬೆಳೆಯಿತು, ಪಾದದ ಕೆಳಗಿನ ಜಲ್ಲಿಕಲ್ಲುಗಳಿಗೂ ತಾಗಿತು. ಅದು ನಮ್ಮಿಬ್ಬರಿಗೂ ಕೇಳಿಸಿತು. ಕೇಳಿಸಲಿಲ್ಲ ಎಂದು ನಾನು ಹೇಳಲಾರೆ. ಆದರೆ ಹುಟ್ಟಿದಂದಿನಿಂದ ಗೋಡೆಯಾಚೆ ಕೇಳುತ್ತ ಬಂದ ಸದ್ದಿಗೆ ಯಾರು ತಿರುಗಿ ನೋಡುತ್ತಾರೆ? ಅದು ಬೆಳೆದಷ್ಟೂ ನಾವು, ಮಗ್ಗದ ಮನೆಯಲ್ಲಿ ಮಾಡುವಂತೆ, ದನಿ ಏರಿಸಿ ಕಿರೀಟದ ಮಾತನ್ನೇ ಮುಂದುವರಿಸಿದೆವು.

ಬೆನ್ನಿಗೆ ಎರಡು ಕೈ ಬಿದ್ದವು. ನಾನೂ ನಂಜಪ್ಪನವರೂ ಒಬ್ಬರ ಮೇಲೊಬ್ಬರು ಎಡಗಡೆಯ ಇಳಿಜಾರಿಗೆ ಉರುಳಿದೆವು. ತಲೆಯೆತ್ತಿದಾಗ ಗೂಡ್ಸ್ ಗಾಡಿ ನಮ್ಮ ಮೇಲೆಯೇ ಹೋಗುತ್ತಿದೆಯೋ ಎಂಬಂತೆ ಹಾಯುತ್ತಿತ್ತು. ಮುನಿರಾಜು ನಮ್ಮ ಕಡೆ ಇರಲಿಲ್ಲ. ಆಚೆ ಬದಿಗೆ ಹಾರಿದನೋ, ಹಾರಲಿಲ್ಲವೋ? ಒಂದು ಡಬ್ಬಿಗೂ ಇನ್ನೊಂದಕ್ಕೂ ನಡುವಿನ ಸಂದಿನಲ್ಲಿ ಆಚೆಯ ಬಿಸಿಲು ಮಿಂಚಿ ಮರೆಯಾಗುತ್ತಿತ್ತು. ಒಂದೊಂದು ಸಂದಿನಲ್ಲೂ ನಾನು ಒಬ್ಬ ಮನುಷ್ಯನನ್ನು ಹುಡುಕಿದೆ, ಒಂದೊಂದರಲ್ಲೂ ಬರೀ ಲಂಟಾನ ಪೊದೆ ಕಂಡಿತು. ಇದನ್ನು ಬರೆಯುತ್ತಿರುವಾಗಲೂ ಆ ಡಬ್ಬಿಗಳು ಹಾಯುತ್ತಲೇ ಇವೆ. ಗೋಡೆಯಾಚೆ ಮಗ್ಗ ಶುರುವಾದರೆ ಸಾಕು, ಬರೆಯುವುದನ್ನು ನಿಲ್ಲಿಸಿ ಹಿಂದೆ ತಿರುಗಿ ನೋಡುತ್ತೇನೆ. ಜೀವಮಾನವೆಲ್ಲ ಜೋಗುಳವಾಗಿದ್ದ ಸದ್ದು ಈಗ ನನ್ನ ನಿದ್ದೆ ಕೆಡಿಸುತ್ತಿದೆ.

ಗಾಡಿ ದಾಟಿದ ಮೇಲೆ ಪೊದೆಯ ಕೆಳಗಿನಿಂದ ನರಳುವುದು ಕೇಳಿಸಿತು. ಅವನ ಬಲಗಾಲು ಮುರಿದಿತ್ತು, ಜೀವವಿತ್ತು. ಎತ್ತಿನ ಗಾಡಿಯಲ್ಲಿ ಊರಿಗೆ ತಂದೆವು, ಆಸ್ಪತ್ರೆಗೆ ಸೇರಿಸಿದೆವು. ನಾನು ಮರುದಿನ ಊಟ ತೆಗೆದುಕೊಂಡು ಹೋಗುವಷ್ಟರಲ್ಲಿ ಅವನ ಭಾವಮೈದ ಬಂದು ಮಧುರೆಗೆ ಕರೆದೊಯ್ದಿದ್ದ. ಆಮೇಲೆ ಸುದ್ದಿಯಿಲ್ಲ. ಮೂಳೆ ಕೂಡಿತೋ, ಕಾಲೇ ಹೋಯಿತೋ, ನಂಜು ಏರಿತೋ, ಯಾರೂ ಹೇಳುವವರಿರಲಿಲ್ಲ. ಮಗ್ಗ ನಿಲ್ಲುವಂತಿರಲಿಲ್ಲವಾದ್ದರಿಂದ ಅವನ ಜಾಗಕ್ಕೆ ಬೇರೊಬ್ಬ ಬಂದ, ಕಂಡಿಕೆ ಸುತ್ತತೊಡಗಿದ. ಆ ದಿನ ವಾರಪತ್ರಿಕೆ ಬಿಚ್ಚಿದವನು ಹಾಗೆಯೇ ಮಡಚಿಟ್ಟೆ. ಭಟ್ಟನನ್ನು ಮರೆತ ಲೇಖಕರನ್ನು ಎಷ್ಟು ಬೈದಿದ್ದೆವು!

“ಹೋಗಿ ನೋಡ್ಕೊಂಡ್ ಬಾರೋ,” ಎಂದರು ನಂಜಪ್ಪನವರು, ನಾಲ್ಕು ತಿಂಗಳು ಕಳೆದ ಮೇಲೆ. “ನಂಗೆ ಧೈರ್ಯ ಇಲ್ಲ.”

ಮಧುರೆಯಲ್ಲಿ ಬಸ್ಸಿಳಿದು ಕೇಳಿಕೊಂಡು ಹೊಲದ ದಾರಿ ಹಿಡಿದೆ. ಜಗುಲಿಯ ಮೇಲೆ ಅವನ ತಾಯಿ ಅವರೆಕಾಯಿ ಬಿಡಿಸುತ್ತಿದ್ದರು. ಊರ ಹೆಸರು ಹೇಳುತ್ತಲೇ ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಓ! ರೈಲು ಬಂದ್ರೂ ಕಿರೀಟ ಕಿರೀಟ ಅಂತ ಕಿತ್ತಾಡ್ತಿದ್ರಂತಲ್ಲ, ಆ ಇಬ್ರಲ್ಲಿ ನೀನೊಬ್ನಾ?”

“ಹೌದಮ್ಮ. ಮುನಿರಾಜು...”

“ಅಲ್ಲೇ ಹಿತ್ಲಾಗವ್ನೆ. ಏ ಮುನಿರಾಜಾ, ಬಾರ್ಲಾ, ನಿನ್ ಕಿರೀಟದೋರು ಬಂದವ್ರೆ!”

ಅವನು ಬಂದ. ತುಸು ಕುಂಟುತ್ತಿದ್ದ, ಆದರೆ ಎರಡೂ ಕಾಲಿನ ಮೇಲೆ ಬಂದ. ಕೈಹಿಡಿದು ನನ್ನನ್ನು ಊಟಕ್ಕೆ ಕೂರಿಸಿದ. ಮುದ್ದೆ, ಅವರೆಕಾಳಿನ ಸಾರು ಬಡಿಸುತ್ತ ತಾಯಿ ಆ ದಿನದ ಕಥೆಯನ್ನು ನನಗೇ ಹೇಳಿದರು. ಮಗ ಹೇಳಿದ್ದನ್ನು ಊರಿಗೆಲ್ಲ ಹೇಳಿ ಹೇಳಿ ಅವರಿಗೆ ಬಾಯಿಪಾಠವಾಗಿತ್ತು. ಅದರಲ್ಲಿ ಕಾಲು ಮುರಿದ ಅವನನ್ನು ಆಸ್ಪತ್ರೆಯಿಂದ ಮನೆಗೆ ತಂದ ಗಾಡಿಯ ಎತ್ತುಗಳಿದ್ದವು, ಎತ್ತಿಗೊಂದು ಹೆಸರಿತ್ತು. ಮೂಳೆ ಕಟ್ಟಿದ ಮಾವನಿದ್ದ. ಹರಕೆ ಹೊತ್ತ ಅಕ್ಕ ಇದ್ದಳು. ನಾನು ಮತ್ತು ನಂಜಪ್ಪನವರು ‘ಯಾರೋ ಇಬ್ರು’ ಆಗಿದ್ದೆವು. ಹಳಿಯಿಂದ ಉರುಳಿದ ಮೇಲೆ ನಾವೇನಾದೆವೆಂಬುದನ್ನು ಆ ಕಥೆ ಹೇಳುತ್ತಲೇ ಇರಲಿಲ್ಲ.

“ನಾವೇನಾದ್ವಿ ಅಂತ ಹೇಳ್ಲಿಲ್ವಲ್ಲಮ್ಮ?” ಎಂದೆ.

“ನಿಮಗೇನಾಯ್ತದೆ? ನೀವು ಚೆನ್ನಾಗೇ ಇರ್ತೀರ ಬಿಡಪ್ಪ,” ಎಂದು ಇನ್ನೊಂದು ಸೌಟು ಸಾರು ಹಾಕಿದರು.

“ಮತ್ತೆ ಮಗ್ಗಕ್ಕೆ ಬರ್ತೀಯೇನೋ?” ಎಂದು ಮುನಿರಾಜುವನ್ನು ಕೇಳಿದೆ.

“ಇಲ್ಲ ಗುರು. ಆ ಸದ್ದು ನಂಗಾಗಲ್ಲ. ಇಲ್ಲೇ ಹಿಪ್ಪುನೇರಳೆ ಹಾಕಿದೀನಿ.”

ಬಸ್ಸಿನವರೆಗೆ ಜೊತೆಗೆ ಬಂದ. ದಾರಿಯಲ್ಲಿ ಸೊಪ್ಪಿನ ಬೆಲೆಯನ್ನೂ ಕಾಲಿನ ನೋವನ್ನೂ ಮಾತಾಡಿದನೇ ಹೊರತು ರೈಲಿನ ಸುದ್ದಿ ಎತ್ತಲಿಲ್ಲ; ನನ್ನ ಕಣ್ಣೊಳಗಿನ್ನೂ ಹಾಯುತ್ತಿದ್ದ ಗಾಡಿ ಅವನ ಹೊಲದಾಚೆ ಎಂದೋ ದಾಟಿಹೋಗಿತ್ತು. ಅವನನ್ನು ನಮ್ಮ ಕಥೆಯಿಂದ ಕಳೆದುಹೋದವನೆಂದುಕೊಂಡು ಹುಡುಕಲು ಬಂದಿದ್ದೆ. ಇಲ್ಲಿ ಎತ್ತು, ಸೊಪ್ಪು, ಮಾವ, ಅಕ್ಕ ಎಲ್ಲ ತುಂಬಿದ ಕಥೆಯೊಂದು ಮೊದಲಿನಿಂದಲೂ ನಡೆಯುತ್ತಿತ್ತು; ಅದರ ಒಂದು ಪುಟ್ಟ ಅಧ್ಯಾಯದಲ್ಲಿ ನಾನು ಬಂದು ಹೋಗಿದ್ದೆ.

ನಾನು ಕಿಟಕಿಯ ಪಕ್ಕ ಕೂತೆ. “ನಂಜಪ್ಪಣ್ಣಂಗೆ ನಮಸ್ಕಾರ ಹೇಳು. ಹುಷಾರು, ಹಳಿ ಮೇಲೆ ಹೋಗ್ಬೇಡ್ರಪ್ಪ,” ಎಂದು ಅವನು ನಕ್ಕ. ಕಂಡಕ್ಟರು ಸೀಟಿ ಊದುವ ಮೊದಲೇ ತಿರುಗಿ, ಕುಂಟುತ್ತ, ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೊತ್ತಾಯಿತೆಂದು ಹೊರಟುಬಿಟ್ಟ. ನನಗೆ ಬೇಸರವಾಗಲಿಲ್ಲ. ಊಟ ಹಾಕಿ, ಬಸ್ಸು ಹತ್ತಿಸಿ, ಕ್ಷೇಮವಾಗಿರಲೆಂದು ಹಾರೈಸಿ ಒಂದು ಕಥೆ ತನ್ನ ಸಣ್ಣ ಪಾತ್ರವನ್ನು ಕಳಿಸಿಕೊಟ್ಟಿತ್ತು.