ಸೈಕಲ್ಲಿನ ಗಾಳಿ, ನನ್ನ ತೂಕ

ಇವತ್ತು ಬೆಳಿಗ್ಗೆ ಟೀ ಸೋಸುವ ಜರಡಿ ಹುಡುಕುತ್ತ ಅಡುಗೆಮನೆಯ ಡ್ರಾಯರಿಗೆ ಕೈ ಹಾಕಿದೆ. ಜರಡಿ ಸಿಗಲಿಲ್ಲ. ಮೇಣದಬತ್ತಿಯ ತುಂಡು, ಹಳೇ ಬೀಗದ ಕೈಗಳ ನಡುವೆ ಬಳೆಗಿಂತ ಚಿಕ್ಕದಾದ ಒಂದು ಕಪ್ಪು ರಬ್ಬರ್ ರಿಂಗು ಬೆರಳಿಗೆ ಸಿಕ್ಕಿತು. ಒಂದು ಕಡೆ ಸೀಳಿದೆ, ಮೂಸಿದರೆ ಇನ್ನೂ ಎಣ್ಣೆಯ ವಾಸನೆ. ನೀವಾಗಿದ್ದರೆ ಕಸಕ್ಕೆ ಎಸೆಯುತ್ತಿದ್ದಿರಿ. ನಾನು ಒರೆಸಿ ಮತ್ತೆ ಅಲ್ಲೇ ಇಟ್ಟೆ. ನನ್ನ ಮಾನ ಉಳಿಸಿದ ವಸ್ತು ಅದು, ಹಾಗೆಲ್ಲ ಎಸೆಯಲಾಗುವುದಿಲ್ಲ.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ನಾನು ದಪ್ಪ. ‘ಮೈಕೈ ತುಂಬಿಕೊಂಡಿದ್ದಾಳೆ’ ಎಂದು ನಮ್ಮ ದಾವಣಗೆರೆ ಕಡೆಯವರು ಹೇಳುವುದು ಬರೀ ಮರ್ಯಾದೆಗೆ. ಈ ಮೈ ಹೊತ್ತುಕೊಂಡು, ನಲವತ್ತು ದಾಟಿದ ಮೇಲೆ, ನನಗೆ ಮೌಂಟನ್ ಬೈಕಿನ ಹುಚ್ಚು ಹಿಡಿಯಿತು. ಬೈಕ್ ಎಂದರೆ ಮೋಟಾರಿನದಲ್ಲ. ಕಲ್ಲು, ಗುಂಡಿ ಯಾವುದಕ್ಕೂ ಹೆದರದ ದಪ್ಪ ಟೈರಿನ ಸೈಕಲ್ಲು. ಲಿಂಗರಾಜಪುರದ ನಮ್ಮ ಪುಟ್ಟ ಮನೆಯಲ್ಲಿ ಅದಕ್ಕೆ ಬಾಲ್ಕನಿಯೇ ಗತಿ. ಬಟ್ಟೆ ಒಣಹಾಕುವ ಜಾಗ ಹೋಯಿತೆಂದು ಯಜಮಾನರು ಗೊಣಗಿದರು. ಭಾನುವಾರ ಬೆಳಿಗ್ಗೆ ಒಂದು ಗುಂಪಿನ ಜೊತೆ ಕೆ.ಆರ್. ಪುರ ದಾಟಿ, ಹೊಸಕೋಟೆ ಕಡೆಯ ನೀಲಗಿರಿ ತೋಪುಗಳ ಮಣ್ಣುದಾರಿಯಲ್ಲಿ ಓಡಿಸುತ್ತಿದ್ದೆ. ವಾರವೆಲ್ಲ ದೊಡ್ಡನೆಕ್ಕುಂದಿಯ ಆಫೀಸಿನಲ್ಲಿ ಅಕೌಂಟ್ಸ್ ನೋಡಿ ಮಂಕು ಹಿಡಿದ ತಲೆ ಅಲ್ಲಿ ತಿಳಿಯಾಗುತ್ತಿತ್ತು. ಇಡೀ ವಾರದಲ್ಲಿ ನನ್ನದೇ ಎಂದು ಇದ್ದದ್ದು ಆ ಬೆಳಗೊಂದೇ.

ಆ ಸೈಕಲ್ಲಿನ ಸೀಟಿನ ಕೆಳಗೆ, ಹಿಂದಿನ ಚಕ್ರದ ಏಟು ತಡೆಯಲು ಒಂದು ಶಾಕ್ ಇದೆ. ಅದರೊಳಗೆ ಸ್ಪ್ರಿಂಗ್ ಇಲ್ಲ, ಬರೀ ಗಾಳಿ. ಕೂರುವವರ ತೂಕ ನೋಡಿ ಪಂಪಿನಿಂದ ಗಾಳಿ ಹೊಡೆಯಬೇಕು. ಕೂತರೆ ಸ್ವಲ್ಪ ಇಳಿಯಬೇಕು, ಎದ್ದರೆ ಏರಬೇಕು. ನನ್ನದು ಇಳಿಯಿತು, ಇನ್ನೂ ಇಳಿಯಿತು, ಕೊನೆಗೆ ಇಳಿದೇ ಕೂತಿತು. ಹೊರಡುವಾಗ ಸರಿಯಿದ್ದರೂ ಅರ್ಧ ದಾರಿಗೆ ಬರುವಷ್ಟರಲ್ಲಿ ಪೆಡಲ್ಲು ನೆಲದ ಕಲ್ಲುಗಳಿಗೆ ತಾಗುತ್ತಿತ್ತು.

ನಮ್ಮ ಗುಂಪಿನ ಮುಂದಾಳನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಾರೆ. ಕಡ್ಡಿಯಂಥ ಮನುಷ್ಯ, ಕೆಟ್ಟವನೇನಲ್ಲ. ಅವನು ಸೈಕಲ್ಲು ನೋಡಿದ, ನನ್ನನ್ನು ನೋಡಿದ. "ಶಾಕ್‌ಗೆ ಏನೂ ಆಗಿಲ್ಲ ಮೇಡಂ. ಲೋಡ್ ಜಾಸ್ತಿ ಅಷ್ಟೇ. ಒಂದೈದಾರು ಕೆ.ಜಿ. ಇಳಿಸಿ, ತಾನೇ ಸರಿಹೋಗುತ್ತೆ" ಎಂದ.

ಲೋಡ್ ಅಂತೆ ಲೋಡು. ನಾನೇನು ಮರಳಿನ ಲಾರಿಯೇ? ಎಲ್ಲರೂ ನಕ್ಕರು, ನಾನೂ ನಕ್ಕೆ. ದಪ್ಪಗಿರುವವರಿಗೆ ಈ ವಿದ್ಯೆ ಚಿಕ್ಕಂದಿನಲ್ಲೇ ಒಲಿದಿರುತ್ತದೆ. ಸೈಕಲ್ ಅಂಗಡಿಯವನನ್ನು ಕೇಳಿದರೆ ಅವನೂ ಕಣ್ಣಿನಲ್ಲೇ ನನ್ನನ್ನು ತೂಗಿ, "ನಿಮ್ಮ ವೆಯ್ಟಿಗೆ ಇನ್ನೊಂಚೂರು ಗಾಳಿ ಹೊಡೀರಿ" ಎಂದ.

ತಮಾಷೆ ಏನು ಗೊತ್ತೇ? ನಾನು ನಂಬಿದೆ. ರಾತ್ರಿ ಅನ್ನ ಬಿಟ್ಟೆ. ಬೆಣ್ಣೆದೋಸೆಯ ಊರಿನವಳು ದೋಸೆಯನ್ನೂ ಬಿಟ್ಟೆ. ಸೌತೆಕಾಯಿ ತಿಂದು ತಿಂದು ಕಂಡವರ ಮೇಲೆಲ್ಲ ರೇಗಿದೆ. "ಸೈಕಲ್ಲಿಗೋಸ್ಕರ ಉಪವಾಸ ಮಾಡೋರನ್ನ ಇದೇ ಮೊದಲು ನೋಡ್ತಿರೋದು ಕಣೇ" ಎನ್ನುತ್ತ ಯಜಮಾನರು ನನ್ನೆದುರಿಗೇ ಕೂತು ಹೋಳಿಗೆ ತಿಂದರು. ಮೂರು ಕೆ.ಜಿ. ಇಳಿದೆ, ಸೈಕಲ್ಲು ಮೊದಲಿಗಿಂತ ಹೆಚ್ಚು ಕುಸಿಯಿತು. ಆಗ ನಿಜಕ್ಕೂ ನಾಚಿಕೆಯಾಯಿತು. ಈ ಮೈಗೆ ಇದೆಲ್ಲ ಯಾಕೆ ಬೇಕಿತ್ತು ಎಂದು ಬಚ್ಚಲಲ್ಲಿ ನಿಂತು ಅತ್ತದ್ದೂ ಉಂಟು. ಗುಂಪು ಬಿಟ್ಟು ಸೈಕಲ್ಲು ಮಾರಿಬಿಡುವುದೆಂದು ಅದರ ಫೋಟೋ ಕೂಡ ತೆಗೆದಿಟ್ಟೆ.

ಅಷ್ಟರಲ್ಲಿ ದಾವಣಗೆರೆಯಲ್ಲಿ ನಾದಿನಿಯ ಮಗಳ ಮದುವೆ ಬಂತು. ಹೊರಡುವ ದಿನ ಅಭ್ಯಾಸಬಲದಿಂದ ಶಾಕಿಗೆ ಗಾಳಿ ಹೊಡೆದು, ಮನೆಗೆ ಬೀಗ ಹಾಕಿ ಇಬ್ಬರೂ ಹೋದೆವು. ಮದುವೆಮನೆಯಲ್ಲಿ ಸೌತೆಕಾಯಿ ಯಾರು ಕೇಳುತ್ತಾರೆ? ಬಡಿಸಿದ್ದನ್ನೆಲ್ಲ ಉಂಡೆ. ವಾಪಸು ಬಂದವಳು, ಕೊಳ್ಳುವವರು ಬಂದರೆ ಸರಿಯಾಗಿ ಕಾಣಲಿ ಎಂದು ಶಾಕಿಗೆ ಪಂಪ್ ಸಿಕ್ಕಿಸಿದೆ. ಗಾಳಿ ತೋರಿಸುವ ಮುಳ್ಳು ಅರ್ಧಕ್ಕಿಂತ ಕೆಳಗೆ ಬಿದ್ದಿತ್ತು.

ಬೀಗ ಹಾಕಿದ ಮನೆ, ಬಾಲ್ಕನಿಯಲ್ಲಿ ಒಂಟಿ ಸೈಕಲ್ಲು. ಅದನ್ನು ಯಾರೂ ಹತ್ತಿಲ್ಲ. ನಾನಂತೂ ದಾವಣಗೆರೆಯಲ್ಲಿ ಲಾಡು ತಿನ್ನುತ್ತಿದ್ದೆ. ಹಾಗಾದರೆ ಇದು ಯಾರ ತೂಕಕ್ಕೆ ಇಳಿಯಿತು? ಶಾಕಿನ ಒಳಗೆ ಗಾಳಿ ಸೋರುತ್ತಿದೆ, ಅಷ್ಟೇ. ಮೊದಲು ನಗು ಬಂತು, ಹಿಂದೆಯೇ ಸಿಟ್ಟು. ತಿಂದ ಸೌತೆಕಾಯಿಯ ಒಂದೊಂದು ಹೋಳೂ ನೆನಪಾಯಿತು.

ಮತ್ತೆ ಅಂಗಡಿಗೆ ಹೋಗಿ ತೂಗಿಸಿಕೊಳ್ಳುವ ಮನಸ್ಸಿರಲಿಲ್ಲ. ಫೋನಿನಲ್ಲಿ ವಿಡಿಯೋ ನೋಡಿದೆ, ಒಳಗಿನ ಗಾಳಿ ಸೋರದಂತೆ ತಡೆಯುವ ಹೊಸ ರಬ್ಬರ್ ರಿಂಗುಗಳ ಪೊಟ್ಟಣ ತರಿಸಿದೆ, ಒಂದು ಶನಿವಾರ ಊಟದ ಮೇಜಿನ ಮೇಲೆ ಪೇಪರ್ ಹಾಸಿದೆ. ಗುಂಪಿನ ಗೆಳತಿ ನಾಜ್ನೀನ್ ಸಹಾಯಕ್ಕೆ ಬಂದಳು. ಶಿವಾಜಿನಗರದಲ್ಲಿ ಅವಳ ಮನೆಯವರದು ಲೇಸು, ಗುಂಡಿಗಳ ಅಂಗಡಿ.

"ಗಾಳಿ ಪೂರಾ ಬಿಟ್ಯಾ ಅಕ್ಕಾ? ಇಲ್ಲಾಂದ್ರೆ ಮುಖಕ್ಕೇ ಹಾರುತ್ತೆ ನೋಡು" ಎಂದಳು.

ಗಾಳಿಯನ್ನೆಲ್ಲ ಬಿಟ್ಟು, ಶಾಕನ್ನು ಸೈಕಲ್ಲಿನಿಂದ ಬಿಚ್ಚಿ ಮೇಜಿಗೆ ತಂದೆ. ಅದರ ಹೊರಗಿನ ಕೊಳವೆ ತಿರುಗಿಸಿದರೆ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಜಾರದಂತೆ ಅದಕ್ಕೆ ಹಳೇ ಟ್ಯೂಬಿನ ತುಂಡು ಸುತ್ತಿದೆವು. ನಾನು ಮೇಜಿಗೆ ಒತ್ತಿ ಹಿಡಿದೆ, ಅವಳು ತಿರುಗಿಸಿದಳು. "ಅರೇ, ಗಟ್ಟಿ ಹಿಡ್ಕೊ ಅಕ್ಕಾ. ಪೂರಾ ವೆಯ್ಟ್ ಹಾಕು" ಎಂದಳು. ಹಾಕಿದೆ. ಕರ್ ಎಂದು ಬಿಟ್ಟುಕೊಂಡಿತು. ನನ್ನ ತೂಕವನ್ನು ಒಬ್ಬರು ಬೇಕೆಂದು ಕೇಳಿದ್ದು ಅವತ್ತೇ ಮೊದಲು.

ಒಳಗೆ ಕಾಡಿಗೆಯಂಥ ಎಣ್ಣೆ. ಬಟ್ಟೆಯಿಂದ ಒರೆಸಿ, ಊದುಬತ್ತಿಯ ಕಡ್ಡಿಯಿಂದ ಹಳೇ ರಿಂಗನ್ನು ಎಬ್ಬಿಸಿದೆವು. ಕಬ್ಬಿಣದ್ದು ಹಾಕಿದರೆ ಗೀರು ಬೀಳುತ್ತದೆ. ಬೆಳಕಿಗೆ ಹಿಡಿದಾಗ ಸೀಳು ಕಂಡಿತು. "ಇವನೇ ನೋಡಕ್ಕಾ ಕಳ್ಳ" ಎಂದಳು ನಾಜ್ನೀನ್. ಹೊಸ ರಿಂಗು ಕೂರಿಸಿ, ಗ್ರೀಸ್ ಹಚ್ಚಿ, ಮುಚ್ಚಿ, ಪಂಪ್ ಹೊಡೆದೆವು. ಸುಯ್ ಎಂದು ಗಾಳಿಯೆಲ್ಲ ಹೊರಗೆ ಹೋಯಿತು. ಪಕ್ಕದಲ್ಲೇ ಕಿತ್ತಳೆ ಸುಲಿಯುತ್ತಿದ್ದ ಯಜಮಾನರು ಪೇಪರಿನ ಮಡಿಕೆಯಿಂದ ಏನನ್ನೋ ಎತ್ತಿ, "ಇದು ಒಳಗಿರ್ಬೇಕಾ, ಹೊರಗಿರ್ಬೇಕಾ?" ಎಂದರು. ನಾವು ಹಾಕಲು ಮರೆತ ಇನ್ನೊಂದು ರಿಂಗು. ಮತ್ತೆ ಎಲ್ಲ ಬಿಚ್ಚಿದೆವು.

ಎರಡನೇ ಸಲ ಗಾಳಿ ತುಂಬಿ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಮೂವರೂ ಬಗ್ಗಿ ನೋಡಿದೆವು. ಒಂದು ಗುಳ್ಳೆಯೂ ಏಳಲಿಲ್ಲ. ಸೈಕಲ್ಲಿಗೆ ಸೇರಿಸಿಟ್ಟು ಮರುದಿನ ನೋಡಿದರೂ ಮುಳ್ಳು ಇದ್ದಲ್ಲೇ ಇತ್ತು. "ಗೆದ್ದೆ" ಎಂದು ಬಾಲ್ಕನಿಯಲ್ಲಿ ನಿಂತು ಗಟ್ಟಿಯಾಗಿಯೇ ಹೇಳಿದೆ. ಎದುರುಮನೆಯವರು ಕಿಟಕಿ ತೆರೆದು ನೋಡಿದರು, ನೋಡಲಿ.

ಅವತ್ತು ತೋಪಿನ ಇಳಿಜಾರಿನಲ್ಲಿ ಸೈಕಲ್ಲು ಪುಟಿಯುತ್ತ ಇಳಿಯಿತು. ಒಂದು ಕಲ್ಲಿಗೂ ಪೆಡಲ್ಲು ತಾಗಲಿಲ್ಲ. ಕೆಳಗೆ ಕಾಯುತ್ತಿದ್ದ ಕ್ಯಾಪ್ಟನ್ ಕೈ ಎತ್ತಿ, "ಸೂಪರ್ ಮೇಡಂ. ಎಷ್ಟು ಇಳಿಸಿದ್ರಿ?" ಎಂದು ಕೇಳಿದ.

"ಮದುವೆ ಊಟ ಮಾಡ್ಕೊಂಡು ಬಂದಿದೀನಿ. ಇಳಿಸಿದ್ದೆಲ್ಲ ವಾಪಸ್ ಬಂದು ಇನ್ನೂ ಎರಡು ಕೆ.ಜಿ. ಜಾಸ್ತಿ ಆಗಿದೀನಿ" ಎಂದೆ. "ರಿಂಗ್ ಹರಿದಿತ್ತು. ಮನೇಲೇ ಬಿಚ್ಚಿ ಹೊಸದು ಹಾಕಿದ್ವಿ."

ನಾಜ್ನೀನ್ ಸೈಕಲ್ಲಿನ ಹ್ಯಾಂಡಲ್ಲಿಗೆ ತಲೆಯಿಟ್ಟು ನಕ್ಕಳು. ಕ್ಯಾಪ್ಟನ್ ತನ್ನ ಸೈಕಲ್ಲನ್ನು ನನ್ನ ಕಡೆ ತಳ್ಳಿಕೊಂಡು ಬಂದು, "ನಂದೂ ಒಂದ್ಸಲ ನೋಡ್ತೀರಾ?" ಎಂದ. ನೋಡಿದೆವು. ಆಮೇಲೆ ಗುಂಪಿನ ಎಷ್ಟೋ ಶಾಕುಗಳು ನಮ್ಮ ಊಟದ ಮೇಜು ಹಾದುಹೋಗಿವೆ.

ಜರಡಿ ಸಿಗದೆ ಟೀ ಕುಡಿಯದೆಯೇ ಇವತ್ತು ಆಫೀಸಿಗೆ ಹೋದೆ. ಲಿಫ್ಟಿಗೆ ಕೊನೆಯಲ್ಲಿ ಹತ್ತಿದವಳು ನಾನು. ಕಾಲಿಟ್ಟೊಡನೆ ಓವರ್‌ಲೋಡ್ ಗಂಟೆ ಕಿರುಚಿಕೊಂಡಿತು. ಒಳಗಿದ್ದ ನಾಲ್ವರೂ ನನ್ನ ಕಡೆ ನೋಡಿದರು. ಎಷ್ಟೋ ವರ್ಷ ಇಂಥ ಹೊತ್ತಿನಲ್ಲಿ "ನೀವು ಹೋಗಿ, ನಾನು ಆಮೇಲೆ ಬರ್ತೀನಿ" ಎಂದು ನಕ್ಕು ಇಳಿದು, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದವಳು ನಾನು. ಇವತ್ತು ನಗಲಿಲ್ಲ. ಗೋಡೆಯ ಮೇಲಿನ ಫಲಕ ಓದಿದೆ. ಹತ್ತು ಜನಕ್ಕೆ ಎಂದು ಬರೆದಿತ್ತು.

"ನಾವು ಐದೇ ಜನ ಇದೀವಿ" ಎಂದೆ. "ಲಿಫ್ಟ್ ಕೆಟ್ಟಿದೆ, ಯಾರಾದ್ರೂ ರಿಪೇರಿಯವರಿಗೆ ಫೋನ್ ಮಾಡಿ. ನಾನಂತೂ ಇಳಿಯಲ್ಲ."