ಈರಕ್ಕ ಊರಿದ ಬೀಜ

ತಂಬ್ರಹಳ್ಳಿಯಲ್ಲಿ ನಮ್ಮ ಮನೆಗೂ ಈರಕ್ಕನ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ ಅಷ್ಟೇ. ಅದರಾಚೆಯ ಹಿತ್ತಲಲ್ಲಿ ನಡೆದದ್ದೆಲ್ಲ ನಾನು ಕಣ್ಣಾರೆ ಕಂಡದ್ದು. ಯಾರಾದರೂ ಸುಳ್ಳೆನ್ನಲಿ ನೋಡೋಣ.

ಈರಕ್ಕನಿಗೆ ಮದುವೆಯಾಗಿ ಹನ್ನೊಂದು ವರ್ಷ, ಮಕ್ಕಳಿಲ್ಲ. ಅದಕ್ಕೇ ಅತ್ತೆ ದ್ಯಾಮಕ್ಕ ಆಕೆಗೆ ಬೀಜ ಮುಟ್ಟಲು ಬಿಡುತ್ತಿರಲಿಲ್ಲ. ಪಾತಿ ಮಾಡು, ನೀರು ಹಾಕು, ಕಳೆ ಕೀಳು, ಇಷ್ಟೇ ಆಕೆಯ ಪಾಲಿಗೆ. ಬೂದಿ ಬೆರೆಸಿ ಗಡಿಗೆಯಲ್ಲಿಟ್ಟ ಬೀಜ ಊರುವುದು ಮಾತ್ರ ಅತ್ತೆಯೇ. ಬಂಜೆ ಕೈಯಿಂದ ಊರಿದ್ದು ಏಳುವುದಿಲ್ಲವಂತೆ! ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಎರಡು ವರ್ಷದ ಹಿಂದೆ, ಮೊದಲ ಮಳೆ ಬಿದ್ದಾಗ, ಅತ್ತೆ ಕೊಟ್ಟೂರಿಗೆ ಹೋದ ದಿನ ಈರಕ್ಕ ಗಡಿಗೆಗೆ ಕೈ ಹಾಕಿಯೇಬಿಟ್ಟಳು. ಕುರಿ ಸಾಕುವ ಮನೆ, ಗೊಬ್ಬರಕ್ಕೇನು ಬರ? ಆದರೆ ಕಳಿತ ಗೊಬ್ಬರ ತಿಪ್ಪೆಯ ತಳದಲ್ಲಿತ್ತು, ಅಗೆಯಲು ಹೊತ್ತಿರಲಿಲ್ಲ. ಅತ್ತೆ ಬರುವುದರೊಳಗೆ ಮುಗಿಸುವ ಅವಸರಕ್ಕೆ, ಅವತ್ತೇ ದೊಡ್ಡಿಯಿಂದ ಗುಡಿಸಿದ ಹಸಿ ಹಿಕ್ಕೆಯನ್ನೇ ಗುಂಡಿಗೆ ಸುರಿದು ಹೀರೆ, ಬದನೆ ಊರಿದಳು. ಮೊಳಕೆ ಬಂತು. ನಾಲ್ಕೇ ದಿನದಲ್ಲಿ ಹಳದಿಯಾಗಿ ಸುಟ್ಟುಹೋಯಿತು.

"ನೋಡ್ದ್ಯಾ? ನಾ ಹೇಳಿರ್ಲಿಲ್ಲ?" ದ್ಯಾಮಕ್ಕ ಓಣಿಗೆಲ್ಲ ಕೇಳುವಂತೆ ಕೂಗಿದಳು. "ಆ ಕೈಯಾಗ ಏನೂ ಏಳಂಗಿಲ್ಲ!"

ಈರಕ್ಕ ಗೋಡೆ ಹಿಡಿದು ಅತ್ತಳು. "ಖರೇನ ಇರಬೇಕೇನಕ್ಕಾ?" ಎಂದಳು.

"ಥೂ, ಹುಚ್ಚಿ! ಮೊದ್ಲು ಗುಂಡಿ ಕೆದರಿ ನೋಡು" ಎಂದೆ. ಕೈ ಹಾಕಿದವಳು ಸರಕ್ಕನೆ ಹಿಂದೆಳೆದುಕೊಂಡಳು. ಹಿಕ್ಕೆ ಇನ್ನೂ ಬಿಸಿಯಿತ್ತು. ಆ ಕಾವಿಗೆ ಬೇರುಗಳೇ ಬೆಂದಿದ್ದವು. ದ್ಯಾಮಕ್ಕನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಬಾಯಿ ಬಿಡಲಿಲ್ಲ.

ಮರುವರ್ಷ ಬೀಜ ಕೊಟ್ಟವಳು ನಾನು. ಹಾಡಹಗಲು, ಅತ್ತೆ ಕಟ್ಟೆಯ ಮೇಲೆ ಕೂತು ಬೈಯುತ್ತಿರುವಾಗಲೇ, ಈರಕ್ಕ ಕಳಿತ ಗೊಬ್ಬರ ಹಾಕಿ ಊರಿದಳು.

"ಬೈದು ಬೈದು ಬಾಯಿ ಒಣಗಿದ್ರ ಹೇಳ್ರಿ ಅತ್ತಿ, ನೀರು ಕೊಡ್ತೀನಿ" ಎಂದಳು. ನಾನು ಗೋಡೆಯೀಚೆ ಸೆರಗು ಬಾಯಿಗಿಟ್ಟುಕೊಂಡು ನಕ್ಕೆ.

ಬದನೆಗೆ ಹುಳ ಬಿತ್ತು, ಅರ್ಧ ಗಿಡ ಕಿತ್ತೆಸೆದಳು. ಹೀರೆಯ ಮೊದಲ ಹೂಗಳೆಲ್ಲ ಉದುರಿದವು. ಬಿಡಲಿಲ್ಲ ನೋಡಿ ಹೆಂಗಸು. ಶ್ರಾವಣ ಮುಗಿಯುವುದರೊಳಗೆ ದೊಡ್ಡಿಯ ಮಾಡಿನ ತುಂಬ ಹೀರೆಕಾಯಿ ಜೋತುಬಿದ್ದವು, ಓಣಿಯವರೆಲ್ಲ ಕೇಳಿ ಒಯ್ದರು.

ಈ ವರ್ಷ ಮಳೆ ಬಿದ್ದ ಮರುದಿನ ದ್ಯಾಮಕ್ಕ ತಾನಾಗಿಯೇ ಗಡಿಗೆ ಹೊತ್ತು ತಂದಳು.

"ತಗಾ, ಇನ್ಮ್ಯಾಲೆ ನೀನ ಊರು. ನಿನ್ನ ಕೈಗುಣ ಚಲೋ ಐತಿ" ಎಂದವಳು, ಬಾಗಿಲಲ್ಲಿ ನಿಂತಿದ್ದ ಕಿರಿಸೊಸೆ ಶ್ರುತಿಯ ಕಡೆ ಗದ್ದವೆತ್ತಿದಳು. "ಆಕಿ ಕೈಗೆ ಮಾತ್ರ ಕೊಡಬ್ಯಾಡ. ಮದುವ್ಯಾಗಿ ಮೂರು ವರ್ಷ ಆತು, ಇನ್ನೂ ಬಸುರಾಗಿಲ್ಲ."

ಶ್ರುತಿ ತಲೆ ತಗ್ಗಿಸಿದಳು. ಈರಕ್ಕ ಗಡಿಗೆ ಇಸಿದುಕೊಂಡು ನೇರ ಬಾಗಿಲಿಗೆ ಹೋಗಿ, ಬೀಜವನ್ನೆಲ್ಲ ಶ್ರುತಿಯ ಬೊಗಸೆಗೆ ಸುರಿದಳು.

"ಬಾ ತಂಗಿ, ಊರು."

"ಏಳಲಿಲ್ಲಾಂದ್ರ?" ದ್ಯಾಮಕ್ಕ ಕಿರುಚಿದಳು.

"ಏಳಲಿಲ್ಲಾಂದ್ರ ಮತ್ತ ಊರ್ತಾಳ."